ಕಲಬುರಗಿಯಲ್ಲಿ ‘ಗಟ್ ಹೆಲ್ತ್ ಪ್ಯಾಕೇಜ್’: ಆರು ಪರೀಕ್ಷೆ, ದುಡ್ಡಿಗೆ ಬಾಳುವುದು ಒಂದು

ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಸೇಡಂ ರಸ್ತೆಯ ತನಕ ಹೋದರೆ ಸ್ಯಾಂಪಲ್ ಕಲೆಕ್ಷನ್ ಸೆಂಟರುಗಳ ಬೋರ್ಡು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಶುಗರ್, ಥೈರಾಯ್ಡ್, ವಿಟಮಿನ್ ಡಿ ಪ್ಯಾಕೇಜುಗಳ ಪಕ್ಕಕ್ಕೆ ಈಗ ‘ಗಟ್ ಹೆಲ್ತ್’ (ಕರುಳಿನ ಆರೋಗ್ಯ) ಹೆಸರಿನದೂ ಬಂದು ಕೂತಿದೆ. ಫೋನ್ ಮಾಡಿದರೆ ಮನೆಗೇ ಬಂದು ರಕ್ತ ತೆಗೆಯುತ್ತಾರೆ, ಮಲದ ಡಬ್ಬಿ ಕೊಟ್ಟು ಹೋಗುತ್ತಾರೆ, ಕೆಲವು ದಿನಗಳಲ್ಲಿ ಮೊಬೈಲಿಗೆ ಕೆಂಪು-ಹಳದಿ-ಹಸಿರು ಪಟ್ಟಿಗಳ ಪಿಡಿಎಫ್ ಬರುತ್ತದೆ. ಬೀದರ್, ಯಾದಗಿರಿಯಲ್ಲೂ ಕ್ರಮ ಇದೇ. ಇಂಥ ವಿಶೇಷ ಪರೀಕ್ಷೆಗಳು ಸಾಮಾನ್ಯವಾಗಿ ಊರಲ್ಲಿ ನಡೆಯುವುದಿಲ್ಲ. ಡಬ್ಬಿ ಹೈದರಾಬಾದ್ ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತದೆ. ಈ ದಾರಿಯ ಮಾತು ಮುಂದೆ ಬರುತ್ತದೆ, ಅದೇ ಅರ್ಧ ವಿಷಯ.

ಇದು ಯಾವುದೋ ಒಂದು ಲ್ಯಾಬಿನ ವಿಮರ್ಶೆಯಲ್ಲ, ಪ್ಯಾಕೇಜ್ ಎಂಬ ಸರಕಿನ ವಿಮರ್ಶೆ. ಒಳಗೆ ಸಾಮಾನ್ಯವಾಗಿ ಇರುವುದು ಆರು ಐಟಂ: ಮಲದ ಕ್ಯಾಲ್‌ಪ್ರೊಟೆಕ್ಟಿನ್, ಝೋನುಲಿನ್, ಮಲದ ಐಜಿಎ ಪ್ರತಿಕಾಯ, ರಕ್ತದ ಎಚ್‌ಎಸ್-ಸಿಆರ್‌ಪಿ, ‘ಫುಡ್ ಇಂಟಾಲರೆನ್ಸ್’ ಎಂಬ ಉದ್ದನೆಯ ಐಜಿಜಿ ಪ್ರತಿಕಾಯದ ಪಟ್ಟಿ, ದುಬಾರಿ ಪ್ಯಾಕೇಜಾದರೆ ಮೈಕ್ರೋಬಯೋಮ್ (ಕರುಳಿನ ಬ್ಯಾಕ್ಟೀರಿಯಾಗಳ) ವರದಿ. ಆರರಲ್ಲಿ ಬಿಡಿಯಾಗಿ ಕೊಂಡರೂ ದುಡ್ಡಿಗೆ ಬಾಳುವುದು ಮೊದಲನೆಯದು ಮಾತ್ರ. ಅದೂ ಬೇಕಾದವರಿಗೆ, ಬೇಕಾದ ಹೊತ್ತಿನಲ್ಲಿ, ಬಿಸಿಲಿಗೆ ಬೇಯದೆ ಲ್ಯಾಬ್ ಮುಟ್ಟಿದರೆ.

ಅಳೆಯುವ ಕೋಲು ಯಾವುದು ಎಂದರೆ, ಕರುಳಿನ ಒಳಪದರ ರೋಗನಿರೋಧಕ ಕಣಗಳಿಗೆ ಸುದ್ದಿ ಮುಟ್ಟಿಸುವ ಒಂದು ಸರಪಳಿ ಇದೆ. ಪರೀಕ್ಷೆ ಹಿಡಿಯುವ ವಸ್ತು ಆ ಸರಪಳಿಯ ಯಾವ ಕೊಂಡಿಯಲ್ಲಿ ಹುಟ್ಟುತ್ತದೆ ಎಂದು ಬೆರಳಿಟ್ಟು ತೋರಿಸಲು ಬರಬೇಕು. ಬಂದರೆ ಅಂಕಿಗೆ ಅರ್ಥ ಉಂಟು. ಬಾರದಿದ್ದರೆ ಅದು ಬಣ್ಣದ ಕಾಗದ.

ಆ ಸರಪಳಿ ಹೀಗಿದೆ. ಕರುಳಿನ ಒಳಪದರ ಎಂದರೆ ಒಂದೇ ಒಂದು ಜೀವಕೋಶದ ದಪ್ಪದ ಸಾಲು. ಜೀರ್ಣನಾಳದ ಒಳಮೈಯನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟು ಆಗುತ್ತದೆ ಎಂದು ಹಳೆಯ ಪಠ್ಯಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನಲ್ಲಿ ಮತ್ತೆ ಅಳೆದಾಗ ಬಂದದ್ದು ಸುಮಾರು 32 ಚದರ ಮೀಟರ್, ಅಂದರೆ ಬ್ಯಾಡ್ಮಿಂಟನ್ ಅಂಗಳದ ಅರ್ಧ. ಪದರದ ಸಣ್ಣ ಗುಣಿಗಳ ತಳದಲ್ಲಿ ಕಾಂಡಕೋಶಗಳಿವೆ, ಅವು ವಿಂಟ್ ಎಂಬ ಸಂಕೇತದ ಅಪ್ಪಣೆಯಂತೆ ಒಡೆದು ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತವೆ; ಮೂರರಿಂದ ಐದು ದಿನಕ್ಕೆ ಬಹುತೇಕ ಇಡೀ ಸಾಲು ಹೊಸದಾಗಿರುತ್ತದೆ. ಗಾಬ್ಲೆಟ್ ಕೋಶಗಳು ಲೋಳೆ ಸುರಿಸುತ್ತವೆ. ದೊಡ್ಡ ಕರುಳಿನಲ್ಲಿ ಈ ಲೋಳೆ ಎರಡು ಪದರ: ಹೊರಗಿನದರಲ್ಲಿ ಬ್ಯಾಕ್ಟೀರಿಯಾಗಳ ಸಂತೆ, ಒಳಗಿನದು ಬಿಗಿ, ಅಲ್ಲಿ ಅವಕ್ಕೆ ಹೆಚ್ಚುಕಡಿಮೆ ಪ್ರವೇಶವಿಲ್ಲ. ಸಣ್ಣ ಕರುಳಿನ ಗುಣಿಗಳಲ್ಲಿ ಪ್ಯಾನೆತ್ ಕೋಶಗಳು ಡಿಫೆನ್ಸಿನ್ ಎಂಬ ಕ್ರಿಮಿನಾಶಕ ಪ್ರೋಟೀನು ಚೆಲ್ಲುತ್ತವೆ. ಕೋಶ ಕೋಶಗಳ ನಡುವಿನ ಸಂದಿಯನ್ನು ಕ್ಲಾಡಿನ್, ಆಕ್ಲುಡಿನ್ ಎಂಬ ಪ್ರೋಟೀನುಗಳು ಹೊಲಿಗೆ ಹಾಕಿದಂತೆ ಮುಚ್ಚಿರುತ್ತವೆ.

ಬ್ಯಾಕ್ಟೀರಿಯಾ ಕಂಡ ಕೂಡಲೇ ಕೂಗು ಹಾಕಿದರೆ ಕರುಳು ದಿನವಿಡೀ ಉರಿಯುತ್ತಿರಬೇಕಾಗುತ್ತದೆ. ಹಾಗಾಗದಂತೆ ಒಂದು ಜಾಣ ಏರ್ಪಾಟು ಇದೆ. ಬ್ಯಾಕ್ಟೀರಿಯಾದ ಬಾಲದ ಪ್ರೋಟೀನು ಫ್ಲಾಜೆಲಿನ್. ಅದನ್ನು ಗುರುತಿಸುವ ಟಿಎಲ್‌ಆರ್5 ಗ್ರಾಹಿ ದೊಡ್ಡ ಕರುಳಿನಲ್ಲಿ ಮುಖ್ಯವಾಗಿ ಇರುವುದು ಕೋಶದ ಕೆಳಮಗ್ಗುಲಲ್ಲಿ. ಕರೆಗಂಟೆಯನ್ನು ಬಾಗಿಲ ಹೊರಗೆ ಕೂರಿಸದೆ ಒಳಗೋಡೆಗೆ ಕೂರಿಸಿದಂತೆ. ಬೀದಿಯಲ್ಲಿ ಓಡಾಡುವವರು ಒತ್ತಲಾರರು, ಒಳಗೆ ನುಗ್ಗಿದವರೇ ಒತ್ತಬೇಕು. ಗಂಟೆ ಬಾರಿಸಿತು ಎಂದರೆ ಕೋಶದೊಳಗೆ ಎನ್‌ಎಫ್-ಕಪ್ಪಾಬಿ ಎಂಬ ಸ್ವಿಚ್ಚು ಬೀಳುತ್ತದೆ, ಐಎಲ್-8 ಎಂಬ ರಾಸಾಯನಿಕ ಕರೆ ರಕ್ತನಾಳದ ಕಡೆಗೆ ಹೊರಡುತ್ತದೆ, ಕೆಲವೇ ಗಂಟೆಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಒಳಪದರವನ್ನು ದಾಟಿ ಕರುಳಿನ ಕೊಳವೆಗೇ ಇಳಿಯುತ್ತವೆ. ಗ್ರಾಹಿ ಕೆಟ್ಟರೂ ಕಷ್ಟವೇ. ಕೋಶದೊಳಗೆ ಬ್ಯಾಕ್ಟೀರಿಯಾದ ಗೋಡೆಯ ಚೂರನ್ನು ಗುರುತಿಸುವ ನಾಡ್2 ಜೀನಿನ ಕೆಲವು ರೂಪಗಳಿಗೂ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗೂ ನಂಟಿದೆ ಎಂದು 2001ರಲ್ಲೇ ಗೊತ್ತಾಯಿತು.

ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಹಿಡಿಯುವುದು ಈ ನ್ಯೂಟ್ರೋಫಿಲ್‌ಗಳನ್ನು. ಅವುಗಳ ಕೋಶರಸದ ಪ್ರೋಟೀನಿನಲ್ಲಿ ಸುಮಾರು ಅರ್ಧ ಪಾಲು ಕ್ಯಾಲ್‌ಪ್ರೊಟೆಕ್ಟಿನ್ನೇ. ಅದರ ಕೆಲಸ ಸತು, ಮ್ಯಾಂಗನೀಸನ್ನು ಕಿತ್ತುಕೊಂಡು ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುವುದು. ಕ್ಯಾಲ್ಸಿಯಂ ಅಂಟಿಕೊಂಡಿರುವುದರಿಂದ ಕರುಳಿನ ಕಿಣ್ವಗಳಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಮಲದಲ್ಲಿ ಉಳಿದು ಬರುತ್ತದೆ. ಹಾಗಾಗಿ ಈ ಅಂಕಿಯ ಅರ್ಥ ನೇರ: ಒಳಪದರ ಕರೆದ ನ್ಯೂಟ್ರೋಫಿಲ್ ಎಷ್ಟು ಕೆಳಗಿಳಿದವು. ಸರಪಳಿಯ ಕೊಂಡಿ ಗೊತ್ತು, ಅಂಕಿ ಅಲ್ಲಿಂದಲೇ ಬಂದಿದೆ. ಯಾಕೆ ಕರೆಯಿತು ಎಂದು ಮಾತ್ರ ಅದು ಹೇಳುವುದಿಲ್ಲ.

ಯಾರಿಗೆ ಬೇಕು? ತಿಂಗಳಿಗೂ ಮೀರಿ ಭೇದಿ, ಹೊಟ್ಟೆನೋವು ಇದ್ದು, ಬರೀ ಐಬಿಎಸ್ (ಉರಿಯೂತವಿಲ್ಲದ ಕರುಳಿನ ತೊಂದರೆ) ಇದ್ದೀತೋ ಅಥವಾ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್‌ನಂಥ ನಿಜವಾದ ಉರಿಯೂತ ಇದ್ದೀತೋ ಎಂದು ಡಾಕ್ಟರಿಗೆ ಅನುಮಾನ ಬಂದ ಕಿರಿಯ ವಯಸ್ಸಿನವರಿಗೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2013ರಲ್ಲಿ ಇದನ್ನು ಶಿಫಾರಸು ಮಾಡಿದ್ದೂ ಈ ಉಪಯೋಗಕ್ಕೇ: ಅನವಶ್ಯಕ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆ ಇಳಿಸಿ ದೊಡ್ಡ ಕರುಳು ನೋಡುವುದು, ಅಂದರೆ ಸ್ಕೋಪ್) ತಪ್ಪಿಸಲು. ಇನ್ನೊಂದು, ಕಾಯಿಲೆ ಗೊತ್ತಾಗಿ ಚಿಕಿತ್ಸೆಯಲ್ಲಿ ಇರುವವರಿಗೆ ಔಷಧಿ ಹತ್ತುತ್ತಿದೆಯೇ ಎಂದು ನೋಡಲು. ಮಲದಲ್ಲಿ ರಕ್ತ, ತೂಕ ಇಳಿಕೆ, ರಾತ್ರಿ ಜ್ವರ, ರಕ್ತಹೀನತೆ ಇದ್ದವರು, ಐವತ್ತು ದಾಟಿದ ಮೇಲೆ ಹೊಸದಾಗಿ ಶೌಚದ ರೂಢಿ ಬದಲಾದವರು ಈ ಡಬ್ಬಿಗೆ ದುಡ್ಡು ಹಾಕಿ ದಿನ ಕಳೆಯಬಾರದು; ಅಂಕಿ ಏನೇ ಬರಲಿ ಅವರಿಗೆ ಸ್ಕೋಪ್ ತಪ್ಪುವುದಿಲ್ಲ. ಯಾವ ತೊಂದರೆಯೂ ಇಲ್ಲದೆ ‘ನೋಡಿ ಇಡೋಣ್ರಿ’ ಎನ್ನುವವರಿಗೂ ಬೇಡ.

ಈಗ ಡಬ್ಬಿಯ ಮಾತು. ಮನೆಗೆ ಬರುವ ಹುಡುಗ ಡಬ್ಬಿ ಕೈಗಿಟ್ಟು ‘ನಾಳೆ ಮುಂಜಾನೆ ಕೊಡ್ರಿ’ ಎಂದಷ್ಟೇ ಹೇಳಿ ಹೋದರೆ, ಸೇವೆಯಲ್ಲಿ ಅರ್ಧ ಅಂಕ ಅಲ್ಲೇ ಕಳೆಯಬೇಕು. ಹೇಳಬೇಕಾದ್ದು ಬಹಳ ಇದೆ. ಮುಂಜಾನೆಯ ಮೊದಲ ಮಲ ಒಳ್ಳೆಯದು, ಯಾಕೆಂದರೆ ಒಂದೇ ದಿನದಲ್ಲಿ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಅಂಕಿ ಏರುಪೇರಾಗುತ್ತದೆ. ರಾತ್ರಿಯಿಡೀ ಕರುಳಿನಲ್ಲಿ ನಿಂತದ್ದರಲ್ಲಿ ಹೆಚ್ಚು ಸಿಗುತ್ತದೆ. ನಮ್ಮ ಕೂರುವ ಪಾಯಖಾನೆಯಲ್ಲಿ ದೊಡ್ಡ ತೊಡಕು ನೀರು. ಗುಂಡಿಯ ನೀರಿಗೆ ಬಿದ್ದದ್ದನ್ನು ಎತ್ತಿ ತುಂಬಿದರೆ ಅದು ತೆಳುವಾಗಿರುತ್ತದೆ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಅಗಲವಾದ ಒಣ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲಿಂದ ತೆಗೆದುಕೊಳ್ಳಬೇಕು. ಮೂತ್ರ ಬೆರೆಯಬಾರದು, ಅದನ್ನು ಮೊದಲೇ ಮುಗಿಸಬೇಕು. ಮುಚ್ಚಳಕ್ಕೆ ಅಂಟಿದ ಚಮಚದಿಂದ ಎರಡು ಮೂರು ಕಡೆ ಕೆರೆದು ಒಟ್ಟು ಒಂದು ಅಡಿಕೆಯಷ್ಟು ಹಾಕಿದರೆ ಧಾರಾಳ. ಡಬ್ಬಿ ತುಂಬುವ ಉತ್ಸಾಹ ಬೇಡ. ಬಿಸಿಲಲ್ಲಿ ಗ್ಯಾಸು ಕಟ್ಟಿ ಮುಚ್ಚಳ ಎಗರುತ್ತದೆ. ಹುಳುವಿನ ಪರೀಕ್ಷೆಗೆಂದು ಫಾರ್ಮಲಿನ್ ಹಾಕಿದ ಡಬ್ಬಿಗಳೂ ಇರುತ್ತವೆ, ಒಳಗೆ ದ್ರವ ಕಂಡರೆ ಯಾವ ಪರೀಕ್ಷೆಯದು ಎಂದು ಕೇಳಿ. ನೀರಿನಂಥ ಭೇದಿ ಇರುವ ದಿನ, ಸ್ಕೋಪಿಗೆ ಹೊಟ್ಟೆ ತೊಳೆಯುವ ಔಷಧಿ ಕುಡಿದ ದಿನ ಕೊಡಲೇಬಾರದು. ಡಬ್ಬಿಯ ಮೇಲೆ ಹೆಸರಿನ ಜತೆ ಗಂಟೆಯನ್ನೂ ಬರೆಯಿರಿ, ಲ್ಯಾಬಿನವರು ಕೇಳದಿದ್ದರೂ.

ಲ್ಯಾಬಿನಲ್ಲೂ ತಪ್ಪು ನುಸುಳುವ ಜಾಗವಿದೆ. ಅಲ್ಲಿ ತೂಗುವುದು 50ರಿಂದ 100 ಮಿಲಿಗ್ರಾಂ ಮಾತ್ರ, ಒಂದು ಜೋಳದ ಕಾಳಿನ ಕೆಲವೇ ಪಟ್ಟು. ಲೋಳೆಯ ಎಳೆಯೊಂದು ಆ ಚೂರಿಗೆ ಬಂದರೆ ಒಂದು ಅಂಕಿ, ಬರದಿದ್ದರೆ ಇನ್ನೊಂದು. ಅಳತೆಗೀರು ಇರುವ ಕಡ್ಡಿಯನ್ನೇ ದ್ರಾವಣದ ನಳಿಕೆಗೆ ಅದ್ದುವ ಸಾಧನಗಳಲ್ಲಿ ಈ ತಪ್ಪು ಕಡಿಮೆ, ಮಲ ತೀರ ಸಡಿಲವಾಗಿರದಿದ್ದರೆ.

ಸಾಗಣೆಗೆ ಬರೋಣ. ಕಿಟ್ಟಿನ ಕೈಪಿಡಿಗಳು ‘ಕೋಣೆಯ ಉಷ್ಣತೆಯಲ್ಲಿ ಮೂರು ದಿನ’ ಎನ್ನುತ್ತವೆ. ಆ ಕೋಣೆ 20–25 ಡಿಗ್ರಿಯದು. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಎಷ್ಟಾಗುತ್ತದೆ ಎಂದು ಸೀಟು ಮುಟ್ಟಿದವರಿಗೆ ಗೊತ್ತು. ಬಿಸಿಗೆ, ತಡಕ್ಕೆ ಪ್ರೋಟೀನು ಒಡೆಯುತ್ತದೆ. ಒಡೆದರೆ ಅಂಕಿ ಇಳಿಯುತ್ತದೆ. 300, ಅಂದರೆ ಹೆಚ್ಚು, ಬರಬೇಕಾದವರಿಗೆ ಕಡಿಮೆ ಬಂದು, ‘ಏನಿಲ್ಲ ಬಿಡ್ರಿ, ಗ್ಯಾಸ್’ ಎಂದು ಮನೆಗೆ ಕಳಿಸಿದರೆ ಕಾಯಿಲೆ ಒಳಗೇ ಬೆಳೆಯುತ್ತದೆ. ತಪ್ಪಾಗಿ ಹೆಚ್ಚು ಬಂದ ಅಂಕಿಗಿಂತ ತಪ್ಪಾಗಿ ಕಡಿಮೆ ಬಂದದ್ದು ಹೆಚ್ಚು ಅಪಾಯ. ಆದ್ದರಿಂದ ಡಬ್ಬಿ ಕೊಡುವ ತನಕ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಇಡಿ. ಮನೆಯವರು ಮುಖ ಸಿಂಡರಿಸಿದರೆ ಚಿಕ್ಕ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ಜೆಲ್ ಪ್ಯಾಕ್ ಸಾಕು. ಬರುವ ಹುಡುಗನ ಬ್ಯಾಗಿನಲ್ಲಿ ಜೆಲ್ ಪ್ಯಾಕ್ ಇದೆಯೇ, ಇದ್ದರೂ ತಣ್ಣಗಿದೆಯೇ ಎಂದು ಮುಟ್ಟಿ ನೋಡಲು ಸಂಕೋಚ ಬೇಡ. ವಾರದ ದಿನವೂ ಲೆಕ್ಕಕ್ಕೆ ಬರುತ್ತದೆ. ಶನಿವಾರ ಮಧ್ಯಾಹ್ನ ಕೊಟ್ಟ ಡಬ್ಬಿ ಭಾನುವಾರವಿಡೀ ಎಲ್ಲೋ ಒಂದು ಕಡೆ ಕೂರುತ್ತದೆ. ಸೋಮವಾರ, ಮಂಗಳವಾರ ಮುಂಜಾನೆ ಕೊಡುವುದು ಮೇಲು. ಬೀದರಿನಿಂದ ಹೈದರಾಬಾದ್ ಹತ್ತಿರ, ಅದೇ ದಿನ ಮುಟ್ಟುವ ಸಾಧ್ಯತೆ ಹೆಚ್ಚು. ಸುರಪುರ, ಶಹಾಪುರ ಕಡೆಯವರು ಡಬ್ಬಿ ಮೊದಲು ಯಾದಗಿರಿಗೆ, ಅಲ್ಲಿಂದ ಕಲಬುರಗಿಗೆ, ಆಮೇಲೆ ಹೊರಗೆ ಎಂಬ ಮೂರು ಹಂತ ಇದೆಯೇ ಎಂದು ಕೇಳಿಯೇ ಒಪ್ಪಿಕೊಳ್ಳಬೇಕು.

ಅಂಕಿ ಓದುವ ಬಗೆ: ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂ ಒಳಗಿದ್ದರೆ ಒಳಪದರ ಶಾಂತ, ಉರಿಯೂತದ ಸಾಧ್ಯತೆ ತೀರ ಕಡಿಮೆ. 250 ದಾಟಿದರೆ ಗಟ್ಟಿ ಕಾರಣ ಹುಡುಕಲೇಬೇಕು. ನಡುವಿನದು ಮಬ್ಬು, ನಾಲ್ಕಾರು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಈ ಗಡಿ ಹೊಂದುವುದಿಲ್ಲ, ಹಾಲು ಕುಡಿಯುವ ಕೂಸುಗಳಲ್ಲಿ ಸಹಜವಾಗಿಯೇ ನೂರಾರು ಇರುತ್ತದೆ. ಪಿಡಿಎಫ್ ಮಾತ್ರ ವಯಸ್ಸು ನೋಡದೆ ಕೆಂಪು ಬಳಿದುಬಿಡಬಹುದು, ಅದನ್ನು ಕಂಡು ತಾಯಂದಿರು ಹೌಹಾರಬೇಕಿಲ್ಲ.

ಕೊಲೈಟಿಸ್, ಕ್ರೋನ್ಸ್ ಇಲ್ಲದೆಯೂ ಅಂಕಿ ಏರಿಸುವವರ ಪಟ್ಟಿಯಲ್ಲಿ ಮೊದಲನೆಯದು ಮೊಣಕಾಲು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಒಳಪದರವನ್ನು ನಿಜವಾಗಿಯೇ ಕೆರಳಿಸುತ್ತವೆ. ಎರಡು ವಾರ ಬಿಟ್ಟು ಪರೀಕ್ಷೆ ಮಾಡಿಸುವುದು ರೂಢಿ. ಹೃದಯಕ್ಕೆಂದು ತೆಗೆದುಕೊಳ್ಳುವ ಆಸ್ಪಿರಿನ್ ಮಾತ್ರ ಡಾಕ್ಟರನ್ನು ಕೇಳದೆ ಬಿಡಕೂಡದು, ಮಲದ ಅಂಕಿಗಾಗಿ ಹೃದಯವನ್ನು ಪಣಕ್ಕಿಡುವುದು ಹುಚ್ಚುತನ. ಎರಡನೆಯದು ಮುಂಜಾನೆ ಖಾಲಿ ಹೊಟ್ಟೆಯ ‘ಗ್ಯಾಸ್ ಗುಳಿಗೆ’, ಅಂದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್. ಮೂರನೆಯದು ಸಾದಾ ಸೋಂಕು. ಶರಣಬಸವೇಶ್ವರ ಜಾತ್ರೆಯಲ್ಲೋ ಬಂದೇ ನವಾಜ್ ಉರುಸಿನಲ್ಲೋ ಹೊರಗಿನದು ತಿಂದು ಹೊಟ್ಟೆ ಕೆಟ್ಟಿದ್ದರೆ ಅಂಕಿ ನಾನೂರು ಬಂದರೂ ಆಶ್ಚರ್ಯವಿಲ್ಲ; ಹೊಟ್ಟೆ ಪೂರ್ತಿ ಸುಧಾರಿಸಿ ಕೆಲವು ವಾರ ಕಳೆಯಲಿ. ಮೂಗಿನ ರಕ್ತ ನುಂಗಿದ್ದರೆ, ಮುಟ್ಟಿನ ರಕ್ತ ಬೆರೆತಿದ್ದರೆ ಅದೂ ಏರಿಸುತ್ತದೆ.

ನಾಲ್ಕನೆಯದು ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ: ಕರುಳಿನ ಕ್ಷಯ. ಸಣ್ಣ ಕರುಳು ದೊಡ್ಡ ಕರುಳು ಸೇರುವ ಮೂಲೆಯಲ್ಲಿ ಕೂತ ಟಿಬಿ ನೋಡಲು ಥೇಟ್ ಕ್ರೋನ್ಸ್‌ನಂತೆಯೇ ಇರುತ್ತದೆ, ಕ್ಯಾಲ್‌ಪ್ರೊಟೆಕ್ಟಿನ್ನೂ ಏರಿಸುತ್ತದೆ. ಅಂಕಿಯೊಂದನ್ನೇ ನಂಬಿ ಯಾರಾದರೂ ರೋಗನಿರೋಧಕ ಶಕ್ತಿ ಕುಗ್ಗಿಸುವ ಸ್ಟೀರಾಯ್ಡ್ ಶುರುಮಾಡಿದರೆ ಟಿಬಿಗೆ ಮೇವು ಹಾಕಿದಂತೆ. 250 ದಾಟಿದ ವರದಿ ಹಿಡಿದು ಹೋಗಬೇಕಾದ್ದು ಸಣ್ಣ ಕರುಳಿನ ತುದಿಯ ತನಕ ನೋಡಿ ಬಯಾಪ್ಸಿ ತೆಗೆಯುವ ಗ್ಯಾಸ್ಟ್ರೋ ಡಾಕ್ಟರ ಬಳಿಗೆ. ಪ್ಯಾಕೇಜಿನ ಜತೆ ಉಚಿತವಾಗಿ ಬರುವ ಫೋನ್ ಸಲಹೆ ಈ ಹೊತ್ತಿಗೆ ಏನೇನೂ ಸಾಲದು.

ಕ್ಯಾಲ್‌ಪ್ರೊಟೆಕ್ಟಿನ್ ಇಷ್ಟು ಜಾಗ ತಿಂದಿತು, ತಿನ್ನಬೇಕಾದ್ದೇ. ಉಳಿದದ್ದು ಬೇಗ ಮುಗಿಯುತ್ತದೆ.

ಝೋನುಲಿನ್. ‘ಲೀಕಿ ಗಟ್’, ಅಂದರೆ ಕರುಳು ಸೋರುತ್ತದೆ, ಎಂಬ ಮಾತಿಗೆ ಪ್ಯಾಕೇಜ್ ಕೊಡುವ ಸಾಕ್ಷಿ ಇದು. ಕೋಶಗಳ ನಡುವಿನ ಹೊಲಿಗೆ ಸಡಿಲಿಸುವ ಪ್ರೋಟೀನೊಂದಕ್ಕೆ ಅಲೆಸ್ಸಿಯೊ ಫಸಾನೊ ತಂಡ 2000ದಲ್ಲಿ ಈ ಹೆಸರಿಟ್ಟಿತು. 2009ರಲ್ಲಿ ಅದು ಪ್ರಿ-ಹ್ಯಾಪ್ಟೊಗ್ಲೋಬಿನ್ 2 ಎಂದು ಗುರುತಿಸಿತು. ಹೊಲಿಗೆ ಸಡಿಲವಾಗುವುದು ಸುಳ್ಳಲ್ಲ. ಉರಿಯೂತದ ಸಂಕೇತಗಳಾದ ಟಿಎನ್‌ಎಫ್, ಇಂಟರ್‌ಫೆರಾನ್-ಗಾಮಾ ಕೋಶದೊಳಗಿನ ಮಯೋಸಿನ್ ಎಳೆಗಳನ್ನು ಬಿಗಿದು ಸಂದಿ ತೆರೆಸುತ್ತವೆ, ಇದು ಚೆನ್ನಾಗಿ ತಿಳಿದ ಸಂಗತಿ. ಎಷ್ಟೋ ಸಲ ಸೋರಿಕೆ ಉರಿಯೂತದ ಮಗಳು, ತಾಯಿಯಲ್ಲ. ಆದರೆ ಪರೀಕ್ಷೆಯ ಕಥೆ ಬೇರೆ. ಮಾರುಕಟ್ಟೆಯ ಎಲೈಸಾ (ಪ್ರತಿಕಾಯ ಬಳಸಿ ಪ್ರೋಟೀನು ಅಳೆಯುವ) ಕಿಟ್ಟುಗಳು ಹಿಡಿಯುತ್ತಿರುವುದು ಆ ಪ್ರೋಟೀನನ್ನೇ ಅಲ್ಲ, ಬೇರೆ ಪ್ರೋಟೀನುಗಳನ್ನು ಎಂದು 2018 ಮತ್ತು 2019ರ ಅಧ್ಯಯನಗಳು ತೋರಿಸಿದವು. ತೊಗರಿ ತೂಗುತ್ತೇವೆಂದು ಹೇಳಿ ಹೆಸರುಕಾಳು ತೂಗಿದರೆ ತಕ್ಕಡಿ ಎಷ್ಟು ಸರಿಯಿದ್ದರೇನು? ಸೋರಿಕೆಯನ್ನು ನಿಜಕ್ಕೂ ಅಳೆಯುವ ವಿಧಾನ ಲ್ಯಾಕ್ಟುಲೋಸ್-ಮ್ಯಾನಿಟಾಲ್ ಪರೀಕ್ಷೆ: ಎರಡು ಸಕ್ಕರೆಗಳ ಗೊತ್ತಾದ ಅಳತೆಯನ್ನು ಕುಡಿಸಿ ಐದಾರು ಗಂಟೆಯ ಮೂತ್ರವನ್ನೆಲ್ಲ ಹಿಡಿದು, ದೊಡ್ಡ ಸಕ್ಕರೆ ಎಷ್ಟು ನುಸುಳಿತು, ಚಿಕ್ಕದು ಎಷ್ಟು ಎಂದು ಹೋಲಿಸುವುದು. ಅದು ಸಂಶೋಧನೆಯಲ್ಲಿ ಬಳಕೆಯಲ್ಲಿದೆ, ಕಲೆಕ್ಷನ್ ಸೆಂಟರಿನ ಕೆಲಸವಲ್ಲ. ಝೋನುಲಿನ್‌ಗೆ ಸೊನ್ನೆ ಅಂಕ.

ಐಜಿಜಿ ಪಟ್ಟಿಗೆ ಸೊನ್ನೆಗಿಂತ ಕೆಳಗೆ ಕೊಡಲು ಅವಕಾಶವಿದ್ದರೆ ಕೊಡಬಹುದು. ದುಡ್ಡು ಹೋಗುವುದಲ್ಲದೆ ತಟ್ಟೆಯೂ ಹೋಗುತ್ತದೆ. ನೂರಾರು ತಿನಿಸುಗಳ ಮುಂದೆ ಕೆಂಪು-ಹಸಿರು ಚುಕ್ಕೆ ಇಟ್ಟು ‘ಇವು ನಿಮಗೆ ಒಗ್ಗುವುದಿಲ್ಲ’ ಎನ್ನುತ್ತದೆ. ಐಜಿಜಿ, ಅದರಲ್ಲೂ ಐಜಿಜಿ4, ಹೇಳುವುದು ಈ ತಿನಿಸನ್ನು ದೇಹ ಕಂಡಿದೆ, ಬಹುಮಟ್ಟಿಗೆ ಒಪ್ಪಿಕೊಂಡಿದೆ ಎಂದು. ಒಪ್ಪಿಕೊಳ್ಳುವುದೂ ಒಳಪದರದ ಕೆಲಸವೇ: ಅದು ಹೊರಡಿಸುವ ಟಿಜಿಎಫ್-ಬೀಟಾ ಎಂಬ ಸಂಕೇತ, ವಿಟಮಿನ್ ಎ ಇಂದ ಆಗುವ ರೆಟಿನೋಯಿಕ್ ಆಮ್ಲ ಸೇರಿ ಕೆಳಗಿನ ಟಿ ಕೋಶಗಳೆಂಬ ರೋಗನಿರೋಧಕ ಕಣಗಳನ್ನು ‘ಸುಮ್ಮನಿರಿಸುವ’ ಕೋಶಗಳಾಗಿ ತಿರುಗಿಸುತ್ತವೆ. 2025ರ ವೈದ್ಯಕೀಯ ನೊಬೆಲ್ ಬ್ರಂಕೋ, ರಾಮ್ಸ್‌ಡೆಲ್, ಸಕಾಗುಚಿ ಅವರಿಗೆ ಬಂದದ್ದು ಇಂಥ ನಿಯಂತ್ರಕ ಟಿ ಕೋಶಗಳ ಕೆಲಸಕ್ಕೇ. ಹಾಗಿರುವಾಗ ದಿನಾ ಬ್ಯಾಳಿ ಉಣ್ಣುವ ಕಲಬುರಗಿಯವರ ರಕ್ತದಲ್ಲಿ ತೊಗರಿಯ ಐಜಿಜಿ ಸಿಗದೆ ಇನ್ನೇನು ಸಿಕ್ಕೀತು? ಶೇಂಗಾ ಹಿಂಡಿ ತಿನ್ನುವವರಿಗೆ ಶೇಂಗಾ, ಮೊಸರು ಉಣ್ಣುವವರಿಗೆ ಹಾಲು ಕೆಂಪಾಗುವುದು ಸಹಜ. ಈ ಪರೀಕ್ಷೆ ಬೇಡವೆಂದು ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿದೆ. ವರದಿ ನಂಬಿ ಬೇಳೆ, ಹಾಲು, ಶೇಂಗಾ ಮೂರನ್ನೂ ಬಿಟ್ಟ ಸಸ್ಯಾಹಾರಿ ಮನೆಯಲ್ಲಿ ಮಕ್ಕಳಿಗೆ ಪ್ರೋಟೀನು ಎಲ್ಲಿಂದ ತರುತ್ತಾರೆ? ಉತ್ತರ ವರದಿಯ ಕೊನೆಯ ಪುಟದಲ್ಲಿ ಇರುವುದುಂಟು: ಗ್ಲುಟಮಿನ್ ಪುಡಿ, ಕೊಲಾಜನ್ ಡಬ್ಬಿ, ಪ್ರೋಬಯೋಟಿಕ್ ಕ್ಯಾಪ್ಸೂಲು. ಪರೀಕ್ಷೆ ಮಾಡುವವರೇ ಔಷಧಿ ಮಾರುವುದನ್ನು ಕಂಡರೆ ಚೀಲದ ಬಾಯಿ ಕಟ್ಟಿಕೊಳ್ಳಿ.

ಎಚ್‌ಎಸ್-ಸಿಆರ್‌ಪಿ ಎಂದರೆ ಸಿಆರ್‌ಪಿಯ ಹೆಚ್ಚು ಸೂಕ್ಷ್ಮ ಅಳತೆ. ಸಿಆರ್‌ಪಿ ಲಿವರ್ ಮಾಡುವ ಪ್ರೋಟೀನು, ಐಎಲ್-6 ಸಂಕೇತ ಮುಟ್ಟಿದಾಗ ಏರುತ್ತದೆ. ಹಲ್ಲು ಕೀವಾದರೂ ಏರುತ್ತದೆ, ನೆಗಡಿಗೂ ಏರುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಇದ್ದೂ ಏರದೆ ಇರಬಹುದು. ಉರಿಯೂತಕ್ಕೆ ಸಾದಾ ಸಿಆರ್‌ಪಿ ಸಾಕು, ಊರಲ್ಲೇ ಆಗುತ್ತದೆ. ಮಲದ ಐಜಿಎ: ಒಳಪದರದ ಕೋಶಗಳು ಕೆಳಗಿಂದ ಹೊತ್ತು ಕೊಳವೆಗೆ ಬಿಡುವ ಪ್ರತಿಕಾಯ, ದಿನಕ್ಕೆ ಗ್ರಾಂಗಟ್ಟಲೆ. ಕೆಲಸ ದೊಡ್ಡದು. ಆದರೆ ಎಷ್ಟಿದ್ದರೆ ಸರಿ ಎಂದು ಎಲ್ಲರೂ ಒಪ್ಪಿದ ಗಡಿಯೇ ಇಲ್ಲದ ಮೇಲೆ ಅಂಕಿ ಇಟ್ಟುಕೊಂಡು ಏನು ಮಾಡುವುದು?

ಮೈಕ್ರೋಬಯೋಮ್ ವರದಿ ನೋಡಲು ಚಂದ, ಓದಲು ಇನ್ನೂ ಚಂದ. ಅದು ಕೊಡುವುದು ಶೇಕಡಾವಾರು ಪಾಲು: ಒಂದು ಬ್ಯಾಕ್ಟೀರಿಯಾ ಇಳಿದರೆ ಇನ್ನೊಂದು ಬೆಳೆಯದೆಯೇ ‘ಹೆಚ್ಚಿದಂತೆ’ ಕಾಣುತ್ತದೆ. ಒಳಪದರಕ್ಕೆ ಮುಟ್ಟುವುದು ಬ್ಯಾಕ್ಟೀರಿಯಾದ ಹೆಸರಲ್ಲ, ಅದು ಮಾಡುವ ಪದಾರ್ಥ. ಫೀಕ್ಯಾಲಿಬ್ಯಾಕ್ಟೀರಿಯಂ, ರೋಸ್‌ಬ್ಯೂರಿಯಾದಂಥವು ನಾರನ್ನು ಹುಳಿಸಿ ಬ್ಯೂಟಿರೇಟ್ ಮಾಡುತ್ತವೆ. ದೊಡ್ಡ ಕರುಳಿನ ಕೋಶಗಳಿಗೆ ಅದೇ ಮುಖ್ಯ ಉರುವಲು. ಅದರ ಜತೆಗೇ ಅದು ಸಂಕೇತವೂ ಹೌದು: ಕೋಶದೊಳಗೆ ಜೀನುಗಳ ಬೀಗ ಸಡಿಲಿಸಿ ನಿಯಂತ್ರಕ ಟಿ ಕೋಶ ಹೆಚ್ಚಲು ನೆರವಾಗುತ್ತದೆ ಎಂದು 2013ರಲ್ಲಿ ಇಲಿಗಳಲ್ಲಿ ತೋರಿಸಿದರು. ಆ ನಾರು ನಮ್ಮಲ್ಲಿ ಹೊಸದಾಗಿ ಕೊಳ್ಳಬೇಕಾದ ಸರಕಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿಯಲ್ಲಿ ಇದೆ. ಬೇಳೆಯ ರಾಫಿನೋಸ್, ಸ್ಟಾಕಿಯೋಸ್ ಸಕ್ಕರೆಗಳನ್ನು ನಾವು ಅರಗಿಸಲಾರೆವು, ಬ್ಯಾಕ್ಟೀರಿಯಾ ಅರಗಿಸುತ್ತವೆ. ಗ್ಯಾಸು ಅದರ ಬಾಡಿಗೆ. ಹಾಗೆಂದು ಕೊಲೈಟಿಸ್ ಉಲ್ಬಣಿಸಿದ ದಿನಗಳಲ್ಲಿ ಖಡಕ್ ರೊಟ್ಟಿ ಕಡಿಯುತ್ತ ಕೂರುವುದಲ್ಲ, ಕ್ರೋನ್ಸ್‌ನಿಂದ ಕರುಳು ಕಿರಿದಾದವರಿಗೆ ಒರಟು ನಾರು ಸಿಕ್ಕಿಕೊಂಡು ಅಪಾಯವೂ ಆಗುತ್ತದೆ.

ಪ್ಯಾಕೇಜಿನಲ್ಲಿ ಇರುವುದಕ್ಕಿಂತ ಇಲ್ಲದ್ದರ ಮೇಲೆ ಹೆಚ್ಚು ತಕರಾರು. ಸಾದಾ ಮಲ ಪರೀಕ್ಷೆ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವುದು, ಇಷ್ಟು ಬೆಲೆಯ ಪ್ಯಾಕೇಜುಗಳಲ್ಲಿ ಬಿಟ್ಟೇ ಹೋಗಿರುತ್ತದೆ. ಜಿಯಾರ್ಡಿಯಾ, ಅಮೀಬಾ, ಕೊಕ್ಕೆಹುಳು ಇನ್ನೂ ಇರುವ ಸೀಮೆಯಲ್ಲಿ ಮೊದಲು ನೋಡಬೇಕಾದ್ದು ಅದು. ಅದಕ್ಕೆ ಹೈದರಾಬಾದ್ ಬೇಡ, ದೂರ ಹೋದಷ್ಟೂ ಕೆಡುತ್ತದೆ: ಸಡಿಲ ಮಲದಲ್ಲಿ ಓಡಾಡುವ ಅಮೀಬಾ ಕಾಣಬೇಕಾದರೆ ಅರ್ಧ ಗಂಟೆಯೊಳಗೆ ಗಾಜಿನ ಮೇಲೆ ಬೀಳಬೇಕು. ಒಂದು ಸಲ ಕಾಣದಿದ್ದರೆ ದಿನ ಬಿಟ್ಟು ದಿನ ಮೂರು ಸಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ. ಜತೆಗೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಿ, ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣದ ಸಾಲು ನೋಡಿ. ಹುಳುವಿನ ಸುಳಿವು ಹಿಡಿದ, ಒಳಪದರದ ಟಫ್ಟ್ ಕೋಶಗಳು ಐಎಲ್-25 ಎಂಬ ಕರೆ ಕೊಡುತ್ತವೆ; ಕೆಳಗಿನ ಕಣಗಳು ಐಎಲ್-13, ಐಎಲ್-5 ಸುರಿಸುತ್ತವೆ; ಮೊದಲನೆಯದರಿಂದ ಲೋಳೆ ಹೆಚ್ಚುತ್ತದೆ, ಎರಡನೆಯದರಿಂದ ಇಯೋಸಿನೋಫಿಲ್. ಒಳಪದರದ ಕೂಗು ಸಾದಾ ಸಿಬಿಸಿಯಲ್ಲೂ ಕೇಳುತ್ತದೆ, ಕೇಳಿಸಿಕೊಳ್ಳುವವರು ಬೇಕು.

ಇನ್ನೊಂದು ಬಿಟ್ಟುಹೋದದ್ದು ಸೀಲಿಯಾಕ್ ಪರೀಕ್ಷೆ, ಟಿಟಿಜಿ-ಐಜಿಎ. ಗೋಧಿಯ ಗ್ಲುಟೆನ್ ವಿರುದ್ಧ ಟಿ ಕೋಶ ಕೆರಳಿ, ಒಳಪದರವೇ ಐಎಲ್-15 ಹೊರಡಿಸಿ, ತನ್ನ ನಡುವಿನ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ ತಾನೇ ಹೊಡೆತ ತಿನ್ನುವ ಕಾಯಿಲೆ ಅದು. ಉತ್ತರ ಭಾರತದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಕಬ್ಬಿಣದ ಗುಳಿಗೆಗೆ ಜಗ್ಗದ ರಕ್ತಹೀನತೆ, ಬೆಳೆಯದ ಮಗು, ನಿಲ್ಲದ ಭೇದಿ ಇದ್ದರೆ ನೋಡಬೇಕು, ಒಟ್ಟು ಐಜಿಎ ಜತೆಯಲ್ಲೇ. ಐಜಿಎ ಹುಟ್ಟಾ ಕಡಿಮೆ ಇದ್ದವರಲ್ಲಿ ಟಿಟಿಜಿ ಸುಳ್ಳೇ ಸೊನ್ನೆ ಬರುತ್ತದೆ. ಇಲ್ಲಿ ನಮ್ಮ ತಟ್ಟೆಯದೇ ಒಂದು ತೊಡಕು ಇದೆ. ಗೋಧಿ ತಿನ್ನುತ್ತಿದ್ದರೆ ಮಾತ್ರ ಈ ಪ್ರತಿಕಾಯ ಏರಿರುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಮೂರು ಹೊತ್ತೂ ರೊಟ್ಟಿ, ಅನ್ನ ಉಣ್ಣುವವರು, ಅಥವಾ ಐಜಿಜಿ ವರದಿ ನಂಬಿ ಗೋಧಿ ಬಿಟ್ಟು ಕೂತವರು ಹಾಗೇ ಹೋಗಿ ರಕ್ತ ಕೊಟ್ಟರೆ ‘ನೆಗೆಟಿವ್’ ಎಂಬ ಮಾತಿಗೆ ಬೆಲೆಯಿಲ್ಲ. ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಚಪಾತಿಯೋ ಉಪ್ಪಿಟ್ಟೋ ಇರುವಂತೆ ಆರು ವಾರ ತಿಂದು, ಆಮೇಲೆ ಪರೀಕ್ಷೆ.

ಬುಕ್ ಮಾಡುವಾಗ ಪ್ಯಾಕೇಜ್ ಬೇಡವೆಂದು ಹೇಳಿ ಕ್ಯಾಲ್‌ಪ್ರೊಟೆಕ್ಟಿನ್ ಒಂದನ್ನೇ ಬಿಡಿಯಾಗಿ ಕೇಳಿ. ‘ಬಿಡಿಯಾಗಿ ಬರಂಗಿಲ್ರಿ’ ಎಂದರೆ ಬೇರೆ ಸೆಂಟರ್ ನೋಡಿ. ಯಾವ ಕಂಪನಿಯ ಕಿಟ್, ಎಲೈಸಾವೋ ದ್ರಾವಣದ ಮಬ್ಬು ಅಳೆಯುವ ಮೆಷಿನ್ ಟರ್ಬಿಡಿಮೆಟ್ರಿಯೋ ಎಂದು ಕೇಳಿ ವರದಿಯ ಮೇಲೆ ಬರೆಸಿಕೊಳ್ಳಿ: ಒಂದೇ ಮಲಕ್ಕೆ ಒಂದು ಕಿಟ್ 180 ಕೊಟ್ಟರೆ ಇನ್ನೊಂದು 350 ಕೊಡುವುದು ಸಾಧ್ಯ. ಎರಡನೆಯ ಸಲ ಬೇರೆ ಲ್ಯಾಬಿಗೆ ಹೋದರೆ ಕಾಯಿಲೆ ಏರಿತೋ ಕಿಟ್ ಬದಲಾಯಿತೋ ಎಂದು ಡಾಕ್ಟರಿಗೂ ಹೇಳಲು ಬರುವುದಿಲ್ಲ.